ಬೀದರಿನಿಂದ ಕಲಬುರಗಿಗೆ ಅರ್ಧ ಗಂಟೆ

ನನ್ನ ಫೋನಿನಲ್ಲಿ ಒಂದು ಪುಟ ಇದೆ. ಬೀದರ್ ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಹಾರಿ ಹೋಗಲು ಎಷ್ಟು ಹೊತ್ತು ಎಂದು ಹೇಳುವ ಪುಟ. ದೂರ ನೂರು ಕಿಲೋಮೀಟರಿನ ಒಳಗೆ, ಹೊತ್ತು ಅರ್ಧ ಗಂಟೆಯ ಒಳಗೆ. ಎರಡು ಊರುಗಳ ನಡುವೆ ಒಂದು ಬಾಗಿದ ಗೆರೆ, ಗೆರೆಯ ಮೇಲೆ ಒಂದು ಪುಟ್ಟ ವಿಮಾನ. ಎಲ್ಲಕ್ಕೂ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ, ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನ ಇಲ್ಲ ಎಂದು ಬರೆದಿದ್ದಾರೆ. ಇಲ್ಲದ ವಿಮಾನಕ್ಕೆ ಇಷ್ಟು ಕರಾರುವಾಕ್ಕಾಗಿ ಹೊತ್ತು ಹೇಳುವವರನ್ನು ಕಂಡರೆ ನನಗೆ ಒಂದು ಬಗೆಯ ಗೌರವ. ನಾನೂ ಹೆಚ್ಚುಕಡಿಮೆ ಅದೇ ಕೆಲಸ ಮಾಡಿ ರಿಟೈರ್ ಆದವನು.

ಬೀದರಿನಿಂದ ಗಡಿ ದಾಟಿದರೆ ಸಿಗುವ ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಕಂಟ್ರೋಲರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಜಾಲರಿ ಹಾಕಿದ ಒಂದು ಗೂಡಿನಲ್ಲಿ ಕೂತು, ಬಂದ ಬಸ್ಸು ಹೋದ ಬಸ್ಸು ಬರೆದುಕೊಂಡು, ಮೈಕಿನಲ್ಲಿ ತೆಲುಗಿನಲ್ಲಿ ಕೂಗಿ, ಕೇಳಿದವರಿಗೆ ಉರ್ದುವಿನಲ್ಲೋ ಕನ್ನಡದಲ್ಲೋ ಉತ್ತರ ಕೊಡುವುದು. ನಾರಾಯಣಖೇಡಕ್ಕೆ ಎಷ್ಟು ಹೊತ್ತು, ಬೀದರಿಗೆ ಮುಂದಿನದು ಯಾವಾಗ, ತಾಂಡೂರಿಗೆ ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಇವು ಬೋರ್ಡು ನೋಡದೆ ಬಾಯಿಗೆ ಬರುತ್ತಿದ್ದವು. ಮೂವತ್ತು ವರ್ಷ ಊರವರಿಗೆಲ್ಲ ದಾರಿ ಹೇಳಿದೆ, ನಾನು ಮಾತ್ರ ಕೂತಲ್ಲಿಂದ ಏಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಬುಡ ನಾನೇ.

ತಾಂಡೂರು ನನ್ನ ತಂಗಿಯ ಊರು. ಒಡಹುಟ್ಟಿದವಳು ಅವಳೊಬ್ಬಳೇ. ಅವಳ ಗಂಡ ಅಲ್ಲಿ ಫರಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸದವನು. ಅವರ ಮನೆಯಲ್ಲಿ ನೆಲವೂ ಫರಸಿ, ಕಟ್ಟೆಯೂ ಫರಸಿ, ದೇವರ ಜಗುಲಿಯೂ ಫರಸಿ. ಬೇಸಿಗೆಯಲ್ಲಿ ಬರಿ ಮೈಯಲ್ಲಿ ಮಲಗಿದರೆ ಬೆನ್ನು ತಣ್ಣಗೆ. ಹಾಗೆ ಮಲಗಿ ಎಷ್ಟು ಕಾಲವಾಯಿತೋ.

ನಮ್ಮದು ನ್ಯಾಲ್ಕಲ್ ಕಡೆಯ ಹಳ್ಳಿ. ಬೀದರಿನ ವಾಯುಪಡೆಯ ತರಬೇತಿ ವಿಮಾನಗಳು ನಮ್ಮ ತೊಗರಿ ಹೊಲದ ಮೇಲೆಯೇ ತಿರುವು ತೆಗೆದುಕೊಳ್ಳುತ್ತಿದ್ದವು. ಚಿಕ್ಕವರಿದ್ದಾಗ ಸದ್ದು ಕೇಳಿದೊಡನೆ ಇಬ್ಬರೂ ಬದುವಿನ ಮೇಲೆ ಓಡಿ ಕೈ ಬೀಸುತ್ತಿದ್ದೆವು. ತಂಗಿ ಕೇಳುತ್ತಿದ್ದಳು, “ಅಣ್ಣಾ, ಅದು ಎಲ್ಲಿಗಿ ಹೊಂಟದ?” ನಾನು ಆಗಲೇ ಕಂಟ್ರೋಲರ್ ಗತ್ತಿನಲ್ಲಿ, “ಎಲ್ಲಿಗೂ ಇಲ್ಲ. ಒಂದು ಸುತ್ತು ಹೊಡದು ಹತ್ತಿದಲ್ಲೇ ಇಳೀತದ,” ಎನ್ನುತ್ತಿದ್ದೆ. ಅವಳಿಗೆ ಅದು ಸರಿ ಬರುತ್ತಿರಲಿಲ್ಲ. ಅಷ್ಟು ಮೇಲೆ ಹೋದದ್ದು ಯಾರ ಊರಿಗೂ ಹೋಗುವುದಿಲ್ಲ ಎಂದರೆ ಹೇಗೆ? “ಸುಳ್ಳ ಹೇಳ್ತಿ,” ಎಂದು ಮುನಿಸಿಕೊಂಡು ಬಾವಿಯ ಕಡೆ ಹೋಗಿಬಿಡುತ್ತಿದ್ದಳು.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಗಂಡನ ಮನೆಗೆ ಹೋಗಿ, ಅಲ್ಲಿಯ ಹಿರಿಯರ ಮುಂದೆ ಕೂತು, “ನಮ್ಮ ಹುಡುಗಿಗಿ ಕಳಿಸಿಕೊಡ್ರಿ,” ಎಂದು ಕೇಳಿ ಕರೆದುಕೊಂಡು ಬರಬೇಕು. ತಾನಾಗಿ ಬರುವ ಪದ್ಧತಿ ಇಲ್ಲ. ಕರೆಯದೆ ಬಂದವಳನ್ನು ಓಣಿಯ ಹೆಂಗಸರು ಬಾಯಿಂದ ಏನೂ ಅನ್ನುವುದಿಲ್ಲ, ಆದರೆ ನೋಡುವ ರೀತಿ ಬೇರೆಯಾಗುತ್ತದೆ. ಬಂದವಳಿಗೆ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಬೇವಿನ ಗಿಡದಲ್ಲಿ ಜೋಕಾಲಿ. ನಾಗಪ್ಪನಿಗೆ ಹಾಲೆರೆಯುವಾಗ ಅವಳು ಅಣ್ಣನ ಪಾಲು, ತಮ್ಮನ ಪಾಲು ಎಂದು ಅವರ ಹೆಸರಿನಲ್ಲೂ ಎರೆಯುತ್ತಾಳೆ. ತಿರುಗಿ ಹೋಗುವಾಗ ಮನೆಯ ಹೆಣ್ಣುಮಗಳೊಬ್ಬಳು ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಷಿಣದ ಬೇರು, ಖಣ ಇವನ್ನು ಸೆರಗಿನಲ್ಲಿ ಹಾಕಿ ಕುಂಕುಮ ಹಚ್ಚಿ ಕಳಿಸಬೇಕು. ಅವ್ವ ಇರುವತನಕ ಅವ್ವ ತುಂಬಿದಳು. ಅವ್ವ ಹೋದ ಮೇಲೆ ನನ್ನ ಹೆಂಡತಿ ತುಂಬಿದಳು. ನಾದಿನಿ ಅತ್ತಿಗೆಯರಿಗೆ ಅಷ್ಟೇನೂ ಹೊಂದಿಕೆ ಇರಲಿಲ್ಲ, ವರ್ಷಕ್ಕೊಮ್ಮೆ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳ ಬಿದ್ದೇ ಬೀಳುತ್ತಿತ್ತು. ಆದರೆ ಉಡಿ ತುಂಬುವ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರು. ಈ ಹೆಂಗಸರು ಯಾವ ಲೆಕ್ಕದಲ್ಲಿ ನಡೆಯುತ್ತಾರೋ ಎಂದು ನಾನು ಬಾಗಿಲ ಹೊರಗೆ ನಿಂತು ಗಡಿಯಾರ ನೋಡುತ್ತಿದ್ದೆ, ಬಸ್ಸಿನ ಹೊತ್ತಾಗುತ್ತದೆ ಎಂದು.

ಒಂಬತ್ತು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಹಳ್ಳಿಯ ಮನೆ ಮೊದಲೇ ಕೈಬಿಟ್ಟಿತ್ತು. ಜಹೀರಾಬಾದಿನ ಬಾಡಿಗೆ ಮನೆಯ ಎರಡು ಕೋಣೆ, ಒಂದು ಸ್ಟೋವು, ನಾನು. ಮರುವರ್ಷ ಪಂಚಮಿ ಹತ್ತಿರ ಬಂತು. ಹೋಗಿ ತಂಗಿಯನ್ನು ಕರೆಯಬೇಕು ಎಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು. ಕರೆದು ತಂದು ಮಾಡುವುದೇನು? ಬಾಗಿಲಲ್ಲಿ ಆರತಿ ಹಿಡಿಯುವವರಿಲ್ಲ, ಉಂಡಿ ಕಟ್ಟುವವರಿಲ್ಲ. ಹೋಗುವಾಗ ಬರಿ ಉಡಿಯಲ್ಲಿ ಕಳಿಸಬೇಕು. ಗಂಡಸು ಉಡಿ ತುಂಬುವುದು ನಮ್ಮಲ್ಲಿಲ್ಲ. ಹೆಂಗಸಿಲ್ಲದ ಮನೆ ತವರು ಹೇಗಾದೀತು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಇದನ್ನು ಅವಳಿಗೆ ಬಾಯಿ ಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅತ್ತುಬಿಡುತ್ತೇನೆ ಎಂಬ ಅಂಜಿಕೆ. ಅದಕ್ಕೆ ಫೋನು ಮಾಡಿ, ರಜೆ ಸಿಗಲಿಲ್ಲ, ದಾರಿ ದೂರ, ನೀನೇ ಬಂದು ಹೋಗು ಎಂದೆ.

“ಫೋನಿನ್ಯಾಗ ಕರದ್ರ ಕರದಂಗ ಆತೇನು ಅಣ್ಣಾ?” ಎಂದು ನಕ್ಕಳು. ನಾನೂ ನಕ್ಕೆ. ಮರುವರ್ಷವೂ ಅದೇ ಮಾತು, ಅದೇ ನಗು. ನ್ಯಾಲ್ಕಲ್ಲಿನಲ್ಲೋ ನಾರಾಯಣಖೇಡದಲ್ಲೋ ಬಳಗದ ಮದುವೆಗಳಲ್ಲಿ ಸಿಗುತ್ತಿದ್ದೆವು, ಊಟದ ಪಂಕ್ತಿಯ ಗದ್ದಲದಲ್ಲಿ ಎರಡು ಮಾತಾಡುತ್ತಿದ್ದೆವು. ತಾಂಡೂರಿಗೆ ನಾನು ಹೋಗಲಿಲ್ಲ, ಜಹೀರಾಬಾದಿಗೆ ಅವಳು ಬರಲಿಲ್ಲ.

ಎಷ್ಟು ದೂರ ಎಂದು ಕೇಳುತ್ತೀರಿ. ಬಸ್ಸಿನಲ್ಲಿ ಒಂದು ಸಲ ಬದಲಿಸಿ ಮೂರು ತಾಸು. ರೈಲಿನಲ್ಲಾದರೆ ನಮ್ಮ ಲೈನು ಬೇರೆ, ಅವರ ಲೈನು ಬೇರೆ. ಎರಡೂ ವಿಕಾರಾಬಾದ್ ಜಂಕ್ಷನ್‌ನಲ್ಲಿ ಕೂಡುತ್ತವೆ. ಇಲ್ಲಿಂದ ಅಲ್ಲಿಗೆ ಹೋಗಿ ಇಳಿಯಬೇಕು, ಧಾರೂರಿನ ಮೇಲೆ ತಾಂಡೂರಿಗೆ ಹೋಗುವ ಗಾಡಿ ಕಾಯ್ದು ಹತ್ತಬೇಕು. ಅಂದರೆ ಬೆಳಿಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ತಂಗಿಯ ಮನೆಯಲ್ಲಿ ಕೂಡಬಹುದು. ಬೇರೆಯವರಿಗೆ ಇದನ್ನೇ ಹೇಳುವಾಗ “ಏನ್ ದೂರರೀ, ಇಲ್ಲೇ ಅದ,” ಎನ್ನುತ್ತಿದ್ದೆ.

ಆ ನಡುವೆ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕೆಲವು ತಿಂಗಳಿಗೆ ಬೀದರಿನಲ್ಲೂ ಮಂದಿ ಹತ್ತುವ ವಿಮಾನ ಬಂತು. ಎರಡೂ ಬೆಂಗಳೂರಿಗೆ. ಬಸ್ ಸ್ಟ್ಯಾಂಡಿನಲ್ಲಿ ನಮಗೆಲ್ಲ ಅದೇ ಮಾತು. ನನಗೆ ಬೀದರ್ ಹತ್ತಿರ, ತಂಗಿಗೆ ಕಲಬುರಗಿ. ಒಂದು ದಿನ ಗೂಡಿನಲ್ಲಿ ಕೂತು ಫೋನು ತೀಡುವಾಗ ಆ ಪುಟ ಸಿಕ್ಕಿತು. ಖುಷಿಯಾಗಿ ತಂಗಿಗೆ ಫೋನು ಮಾಡಿದೆ.

“ಇಲ್ಲಿ ಕೇಳು, ನನ್ನ ಕಡಿಂದ ನಿನ್ನ ಕಡಿಗಿ ವಿಮಾನದಾಗ ಬರೇ ಅರ್ಧ ಗಂಟೆ ನೋಡು.”

“ಖರೇನೇನು?” ಎಂದಳು. “ಹಂಗಾದ್ರ ಈ ಪಂಚಮಿಗಿ ವಿಮಾನದಾಗೇ ಬಾ. ಓಣಿ ಮಂದಿ ನೋಡ್ಲಿ, ನನಗೂ ಒಬ್ಬಾಂವ ಅಣ್ಣ ಅದಾನ ಅಂತ,” ಎಂದಳು.

ನಾನು ಗಹಗಹಿಸಿ ನಕ್ಕೆ. ಪಕ್ಕದ ಡ್ರೈವರ್‌ಗಳಿಗೂ ಹೇಳಿ ನಗಿಸಿದೆ. ಬೀದರಿನಿಂದ ಕಲಬುರಗಿಗೆ ವಿಮಾನದಲ್ಲೇ ಹೋಗಬೇಕೆಂದರೆ ಮೊದಲು ಬೆಂಗಳೂರಿಗೆ ಹಾರಿ, ಅಲ್ಲಿಂದ ತಿರುಗಿ ಹಾರಿ ಬರಬೇಕು. ಕಿವಿ ಹಿಡಿಯಲು ಕೈಯನ್ನು ತಲೆಯ ಸುತ್ತ ಬಳಸಿ ತಂದ ಹಾಗೆ. ಇನ್ನೂ ಮಜಾ ಏನೆಂದರೆ, ಜಹೀರಾಬಾದಿನಿಂದ ತಾಂಡೂರಿಗೆ ಕಾಗೆ ಹಾರಿದರೆ ಆ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರದಷ್ಟೂ ಆಗುವುದಿಲ್ಲ. ಇದನ್ನೆಲ್ಲ ನಾನು ಚೆನ್ನಾಗಿ ಬಲ್ಲವನು. ಅವಳು ಕೇಳಿದ್ದು ವಿಮಾನವನ್ನಲ್ಲ ಎಂಬುದೊಂದು ಮಾತ್ರ ತಿಳಿಯಲಿಲ್ಲ. ಆ ವರ್ಷ ಕರೋನಾ ಬಂತು, ಎಲ್ಲ ಬಂದ್ ಆಯಿತು. ಎಲ್ಲರಿಗೂ ಕೈ ತೊಳೆದುಕೊಳ್ಳಿ ಎಂದು ಹೇಳಿದರು. ನಾನು ಪಂಚಮಿಯಿಂದಲೂ ತೊಳೆದುಕೊಂಡೆ.

ಕರೋನಾ ಹೋಯಿತು, ಅಭ್ಯಾಸ ಉಳಿಯಿತು. ಮುಂದೆ ಒಂದು ಚಳಿಗಾಲ ಸರಕಾರ ಹೆಂಗಸರಿಗೆ ಟಿಕೆಟ್ಟು ಬೇಡ ಎಂದಿತು, ಬಸ್ಸು ಫುಕಟ್ ಆಯಿತು. ನನ್ನ ಗೂಡಿನ ಮುಂದೆ ಜಾತ್ರೆ. ಎಂದೂ ಹೊರಗೆ ಬರದ ಮುದುಕಿಯರು ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಮಗಳ ಮನೆಗೆ, ಅಕ್ಕನ ಮನೆಗೆ ಹೊರಟರು. ಅದನ್ನು ನೋಡಿ ತಂಗಿಗೆ ಫೋನು ಮಾಡಿದೆ. “ಈಗರ ಬಾ. ಬಸ್ಸು ಫುಕಟ್ ಆಗ್ಯದಲ್ಲ.”

“ಬಸ್ಸು ಫುಕಟ್ ಆಗ್ಯದ ಅಣ್ಣಾ, ಮರ್ಯಾದಿ ಫುಕಟ್ ಆಗಿಲ್ಲ,” ಎಂದಳು. ಈ ಸಲ ನಗಲಿಲ್ಲ.

ಅದಾಗಿ ಒಂದು ತಿಂಗಳಿಗೆ ತಂಗಿಯ ಗಂಡನ ಫೋನು ಬಂತು. ಅವನ ಅವ್ವ, ಅಂದರೆ ತಂಗಿಯ ಅತ್ತೆ, ಹಾಸಿಗೆ ಹಿಡಿದಿದ್ದಾಳೆ, ಬಂದು ಮುಖ ನೋಡಿ ಹೋಗಿರಿ ಎಂದ. ಇದಕ್ಕೆ ನೆಪ ಹೇಳುವ ಹಾಗಿರಲಿಲ್ಲ. ಏಳು ವರ್ಷದ ಮೇಲೆ ತಾಂಡೂರಿಗೆ ಹೋದೆ. ಅಂಗಳದ ನೆಲ ಅದೇ ಫರಸಿ, ಬಣ್ಣ ಮಾತ್ರ ಮಾಸಿತ್ತು. ಅತ್ತೆ ಹೊರಕೋಣೆಯ ಮಂಚದ ಮೇಲೆ ಮಲಗಿದ್ದಳು. ಹಣೆಯ ತುಂಬ ವಿಭೂತಿ, ಕೈಕಾಲು ಒಣಗಿದ ತೊಗರಿ ಕಟ್ಟಿಗೆಯ ಹಾಗೆ. ಆದರೆ ನಾಲಿಗೆಗೆ ರೋಗ ತಟ್ಟಿರಲಿಲ್ಲ.

“ಬರ್ರಿ ಬೀಗರ, ಕೂಡ್ರಿ,” ಎಂದಳು. ತಂಗಿ ಚಹಾ ಮಾಡಲು ಒಳಗೆ ಹೋಗಿದ್ದಳು. “ನಾ ಹೋಗೋದರೊಳಗ ನಿಮಗ ಒಂದು ಮಾತ ಹೇಳಬೇಕಾಗಿತ್ತು. ನಿಮ್ಮಂಥ ಅಣ್ಣ ಎಲ್ಲೂ ಸಿಗೋದಿಲ್ಲರಿ. ಹೆಂಡ್ತಿ ಸತ್ತರೂ ತಂಗಿಗಿ ಮರೀಲಿಲ್ಲ. ಪಂಚಮಿ ಬಂತಂದ್ರ ವಿಕಾರಾಬಾದ್ ತನಕ ಬಂದು, ಸೀರಿ ಕೊಟ್ಟು, ಉಂಡಿ ಕೊಟ್ಟು ಕಳಸ್ತೀರಿ. ಕರೋನಾದ್ದೊಂದು ವರ್ಷ ಬಿಟ್ಟರ ಒಂದು ವರ್ಷನೂ ತಪ್ಪಿಲ್ಲ. ನೋಡ್ರಿ ಬೇಕಾದ್ರ.”

ಮಂಚದ ತಲೆಗಡೆ ಒಂದು ಟ್ರಂಕಿತ್ತು. ಅವಳು ಕೈ ಮಾಡಿ ತೋರಿಸಿದಳು, ನಾನು ತೆಗೆದೆ. ಆರು ಸೀರೆ. ಹಸಿರು, ಕುಂಕುಮ, ಮತ್ತೆ ಹಸಿರು. ಮಡಿಕೆ ಕೂಡ ಕೆಡದಂತೆ ತಂಗಿ ಇಟ್ಟಿದ್ದಳು. ಉಟ್ಟ ಗುರುತೇ ಇರಲಿಲ್ಲ.

“ಒಂದು ಮಾತ ಸಿಟ್ಟಾಗಬ್ಯಾಡ್ರಿ,” ಎಂದಳು ಅತ್ತೆ, “ನಿಮ್ಮ ಮನಿ ಉಂಡಿಗಿ ಸಕ್ಕರಿ ಭಾಳ ಹಾಕ್ತೀರಿ.”

ನಮ್ಮ ಮನೆಯಲ್ಲಿ ಉಂಡಿಗೆ ಎಂದೂ ಸಕ್ಕರೆ ಹಾಕಿದವರಲ್ಲ. ಅವ್ವ ಬೆಲ್ಲದಲ್ಲೇ ಕಟ್ಟುತ್ತಿದ್ದಳು, ಹೆಂಡತಿಯೂ ಅದನ್ನೇ ಕಲಿತಳು. ಸಕ್ಕರೆ ಹಾಕಿದ್ದು ಅಂಗಡಿಯ ಉಂಡಿ. ನಾನು ಸೀರೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಏನಾಗಿದೆ ಎಂದು ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಬಾಗಿಲಲ್ಲಿ ತಂಗಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಿದ ನೋಟವನ್ನು ಶತ್ರುವಿಗೂ ನೋಡಬೇಕಾಗಿ ಬರಬಾರದು. ಬೈಗುಳ ಇರಲಿಲ್ಲ ಅದರಲ್ಲಿ. ಸುಮ್ಮನಿರು ಎಂಬ ಬೇಡಿಕೆ ಇತ್ತು.

“ಹೌದ್ರಿ,” ಎಂದೆ ಅತ್ತೆಗೆ. “ಮುಂದಿನ ಸಲ ಕಡಿಮಿ ಹಾಕ್ತೀವಿ.”

ಆಟೋದ ತನಕ ಕಳಿಸಲು ತಂಗಿ ಬಂದಳು. ಓಣಿಯ ತುದಿಯಲ್ಲಿ ನಿಂತು, ಕಲ್ಲಿನ ಪುಡಿ ಮೆತ್ತಿದ ರಸ್ತೆಯನ್ನು ನೋಡುತ್ತ ಹೇಳಿದಳು. ನಾನಾಗಿ ಏನೂ ಕೇಳಿರಲಿಲ್ಲ.

“ಅತ್ತಿ ಕೇಳತಿದ್ದಳು, ನಿಮ್ಮಣ್ಣ ಕರಿಯಾಕ ಬರಲಿಲ್ಲೇನು ಅಂತ. ಏನು ಹೇಳ್ಲಿ? ವಿಕಾರಾಬಾದ್ ತನಕ ಬರ್ತಾನ, ಮನ್ಯಾಗ ಹೆಣಮಕ್ಕಳಿಲ್ಲ ಅದಕ್ಕ ಅಲ್ಲಿಂದೇ ಕಳಸ್ತಾನ ಅಂದೆ. ಮುಂಜಾನಿ ಗಾಡಿಗಿ ಹೋಗ್ತಿದ್ದೆ. ಪ್ಯಾಟಿಯಾಗ ಒಂದು ಸೀರಿ ತಗೋತಿದ್ದೆ, ಉಂಡಿ ತಗೋತಿದ್ದೆ. ಮತ್ತ ಬಂದು ನೀರಿನ ನಳದ ಬಾಜು ಬೆಂಚಿನ ಮ್ಯಾಲ ಸಂಜಿತನಕ ಕೂಡತಿದ್ದೆ. ಲಗೂ ಮನಿಗಿ ಹೋದ್ರ ಅಣ್ಣನ ಕೂಡ ಮಾತಾಡಲಿಲ್ಲೇನು ಅಂತಾರ.”

ನಾನು ಆಟೋದ ಕಂಬಿ ಹಿಡಿದು ನಿಂತಿದ್ದೆ.

“ಜಹೀರಾಬಾದ್ ಕಡಿ ಗಾಡಿ ಬಂದಾಗೊಮ್ಮೆ ಇಳಿಯೋರಿಗಿ ನೋಡತಿದ್ದೆ,” ಎಂದಳು. “ಸುಮ್ನ ನೋಡತಿದ್ದೆ. ನೀ ಬರಲ್ಲ ಅಂತ ಗೊತ್ತಿತ್ತು.”

ಆಗ ನಾನು ಹೇಳಬೇಕಾದ್ದು ಬಹಳ ಇತ್ತು. ಮನೆಯಲ್ಲಿ ಉಡಿ ತುಂಬುವವರಿಲ್ಲ ಎಂಬ ಒಂದೇ ಕಾರಣಕ್ಕೆ ನಿನ್ನನ್ನು ಕರೆಯಲಿಲ್ಲ, ಬೇಡವಾಗಿ ಅಲ್ಲ ಎಂದು ಹೇಳಬೇಕಿತ್ತು. ನಾನು ಬಿಟ್ಟದ್ದನ್ನು ಅವಳು ನನ್ನ ಪರವಾಗಿ ಆರು ವರ್ಷ ಮಾಡಿದ್ದಳು, ನನ್ನ ಮನೆಯಲ್ಲಿ ಹೆಂಗಸಿಲ್ಲ ಎಂಬ ನನ್ನ ನೆಪವನ್ನೂ ನಾನು ಹೇಳದೆಯೇ ಊಹಿಸಿ ಅತ್ತೆಗೆ ಹೇಳಿದ್ದಳು. ಆಟೋದವನು ಹಾರ್ನು ಹೊಡೆದ. “ಗಾಡಿ ತಪ್ಪತದ,” ಎಂದು ಹತ್ತಿ ಕೂತೆ. ನಾಚಿಕೆಗೆಟ್ಟವನು ನಾನು, ಗಾಡಿಗೆ ಇನ್ನೂ ಒಂದು ತಾಸು ಇತ್ತು.

ಉಗಾದಿಯ ಮುಂದೆ ಅತ್ತೆ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದೆ. ಆ ವರ್ಷ ಸಾವಿನ ಮನೆ, ಹಬ್ಬ ಇಲ್ಲ ಎಂದು ಪಂಚಮಿ ತಾನಾಗಿಯೇ ಕಳೆಯಿತು. ಮರುವರ್ಷ ನಾನು ರಿಟೈರ್ ಆದೆ. ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಜೀವನವಿಡೀ ಟೈಮು ನೋಡಿದವನಿಗೆ ಗಡಿಯಾರ ಕೊಡುವ ಬುದ್ಧಿ ಯಾರಿಗೆ ಬಂತೋ. ಅದರ ಟಿಕ್ ಟಿಕ್ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಮೊದಮೊದಲು ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಕೂಡುತ್ತಿದ್ದೆ. ಹೊಸ ಕಂಟ್ರೋಲರ್ ತಪ್ಪು ಹೊತ್ತು ಹೇಳಿದರೆ ನಡುವೆ ಬಾಯಿ ಹಾಕುತ್ತಿದ್ದೆ. ನಾಲ್ಕು ದಿನ ಸಹಿಸಿದ, ಐದನೆಯ ದಿನ “ಮನ್ಯಾಗ ಕೆಲಸ ಇಲ್ಲೇನ್ರಿ ಸಾಹೇಬರ?” ಎಂದ. ಕೆಲಸ ಇಲ್ಲ ಎಂಬುದು ನಿಜವೇ ಆದ್ದರಿಂದ ಎದ್ದು ಬಂದೆ. ಆಮೇಲೆ ಮಾತಾಡುವುದಕ್ಕೆ ಯಾರೂ ಇರಲಿಲ್ಲ. ಒಂದೊಂದು ದಿನ ಹಾಲಿನವನಿಗೆ ಹೇಳಿದ ಎರಡು ಮಾತೇ ಇಡೀ ದಿನದ ಮಾತು. ಆ ಏಕಾಂತದಲ್ಲಿ ಕೂತು ನಾನು ಫೋನಿನ ಆ ಪುಟ ತೆಗೆದು ನೋಡುತ್ತಿದ್ದೆ. ಗೆರೆ, ಗೆರೆಯ ಮೇಲೆ ವಿಮಾನ, ಅರ್ಧ ಗಂಟೆಯ ಒಳಗೆ.

ಶ್ರಾವಣಕ್ಕೆ ವಾರವಿತ್ತು. ಏನು ತಿಳಿಯಿತೋ, ಬೀದರಿಗೆ ಹೋಗಿ ವಿಮಾನ ನಿಲ್ದಾಣದ ಗೇಟಿನಲ್ಲಿ ನಿಂತೆ. ಇಲ್ಲ ಎಂದು ಗೊತ್ತಿದ್ದೂ ಕಾವಲುಗಾರನನ್ನು ಕೇಳಿದೆ, “ಕಲಬುರ್ಗಿಗಿ ವಿಮಾನ ಎಷ್ಟಕ್ಕ ಅದರಿ?”

ಅವನು ನನ್ನ ಚಪ್ಪಲಿಯಿಂದ ಟೋಪಿಯ ತನಕ ನೋಡಿ ಮರುಕದಿಂದ ಹೇಳಿದ. “ಚಾಚಾ, ಕಲಬುರ್ಗಿಗಿ ವಿಮಾನ ಯಾಕ ಬೇಕ್ರಿ? ಬಸ್ಸಿಗಿ ಹೋಗ್ರಿ. ಬಸ್ ಸ್ಟ್ಯಾಂಡಿನ್ಯಾಗ ಕೇಳಿದ್ರ ಹೇಳ್ತಾರ.”

ಬಹಳ ದಿನದ ಮೇಲೆ ಬಾಯ್ತುಂಬ ನಕ್ಕೆ. ನಗು ಮುಗಿದ ಮೇಲೆ ಅಲ್ಲೇ ರಸ್ತೆ ಬದಿ ಕಲ್ಲಿನ ಮೇಲೆ ಕೂಡಬೇಕಾಯಿತು. ಮೇಲೆ ಒಂದು ತರಬೇತಿ ವಿಮಾನ ನಮ್ಮ ಹಳ್ಳಿಯ ಕಡೆ ತಿರುವು ತೆಗೆದುಕೊಂಡು, ಹತ್ತಿದಲ್ಲೇ ಇಳಿಯಲು ವಾಪಸ್ ಬರುತ್ತಿತ್ತು. ಈ ಪಂಚಮಿಗೆ ವಿಕಾರಾಬಾದಿಗೆ ಹೋಗುವುದು ಎಂದು ಆಗ ಗಟ್ಟಿ ಮಾಡಿದೆ. ತಾಂಡೂರಿಗಲ್ಲ, ವಿಕಾರಾಬಾದಿಗೆ. ಆ ಬೆಂಚಿನ ಮೇಲೆ ಕೂತು ಅವಳು ಜಹೀರಾಬಾದ್ ಗಾಡಿಯಿಂದ ಇಳಿಯುವವರನ್ನು ನೋಡುತ್ತಿದ್ದಳಲ್ಲ, ಈ ಸಲ ಆ ಇಳಿಯುವವರಲ್ಲಿ ನಾನಿರಬೇಕು. ಹೇಳದೆ ಹೋಗಬೇಕು. ಅವಳ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ವಾರ ಕಳೆದೆ.

ಸೀರೆ ತಂದೆ. ಉಂಡಿಯನ್ನು ನಾನೇ ಕಟ್ಟಿದೆ, ಬೆಲ್ಲದಲ್ಲಿ. ಪಾಕ ಏರಿ ತಾಂಡೂರಿನ ಕಲ್ಲಿಗಿಂತ ಗಟ್ಟಿಯಾದವು. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಷಿಣದ ಬೇರು, ಖಣ ಇವನ್ನೂ ಚೀಲಕ್ಕೆ ಹಾಕಿದೆ. ಗಂಡಸು ತುಂಬಬಾರದು ಎಂದರೆ ಪ್ಲಾಟ್‌ಫಾರ್ಮಿನಲ್ಲಿ ಯಾವುದಾದರೂ ಮುತ್ತೈದೆಯನ್ನು ಕೈಮುಗಿದು ಕೇಳಿದರಾಯಿತು. ಇಷ್ಟು ಸರಳ ಉಪಾಯ ಒಂಬತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಪಂಚಮಿಯ ಬೆಳಿಗ್ಗೆ ಗಾಡಿ ಹತ್ತಿದೆ. ವಿಕಾರಾಬಾದ್ ಬಂತು. ಎಲ್ಲರಿಗಿಂತ ನಿಧಾನವಾಗಿ, ಕಾಣುವ ಹಾಗೆ, ಚೀಲವನ್ನು ಮುಂದೆ ಹಿಡಿದು ಇಳಿದೆ. ನೀರಿನ ನಳ ಕಂಡಿತು. ಬಾಜುವಿನ ಬೆಂಚು ಖಾಲಿ ಇತ್ತು.

ಪೇಟೆಗೆ ಸೀರೆ ತರಲು ಹೋಗಿರಬೇಕು ಎಂದು ಕೂತೆ. ಒಂದು ತಾಸಾಯಿತು. ಮುಂಜಾನೆಯ ಗಾಡಿ ತಪ್ಪಿರಬೇಕು, ಮುಂದಿನದಕ್ಕೆ ಬರುತ್ತಾಳೆ ಎಂದುಕೊಂಡೆ. ತಾಂಡೂರ ಕಡೆಯಿಂದ ಗಾಡಿ ಬಂತು, ಎದ್ದು ನಿಂತು ಇಳಿಯುವವರನ್ನು ನೋಡಿದೆ. ಹಸಿರು ಸೀರೆಯವಳೊಬ್ಬಳು ಇಳಿದಳು, ಅವಳಲ್ಲ. ಮತ್ತೊಂದು ಗಾಡಿ ಬಂತು. ಕೂತೆ, ಎದ್ದೆ, ಕೂತೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಹೊಸ ಬಳೆ ಹಾಕಿಕೊಂಡ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆ ನಿಂತಿದ್ದರು. ಉಂಡಿಯ ಡಬ್ಬಿ ತೆಗೆದು ಮತ್ತೆ ಮುಚ್ಚಿದೆ. ಇಷ್ಟು ಮಂದಿ ಓಡಾಡುವ ಜಾಗದಲ್ಲಿ ಒಬ್ಬರೂ ನಮ್ಮ ಕಡೆ ತಿರುಗಿ ನೋಡದಿದ್ದರೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಅವಳು ಹೀಗೆ ಆರು ಸಲ ಕೂತಿದ್ದಳು.

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಫೋನು ಮಾಡಿದೆ.

“ಎಲ್ಲಿದ್ದೀ?”

“ಮನ್ಯಾಗ. ಮತ್ತೆಲ್ಲಿ ಇರಲಿ?” ಎಂದಳು. ಹಿಂದೆ ಕಲ್ಲು ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು.

“ಈ ಸಲ ವಿಕಾರಾಬಾದಿಗಿ ಬಂದಿಲ್ಲೇನು?”

ಅವಳು ಸಮಾಧಾನದ ದನಿಯಲ್ಲಿ, ಚಿಕ್ಕ ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು. “ಕೇಳೋರು ಹೋದರಲ್ಲ ಅಣ್ಣಾ. ಈಗ ಯಾರಿಗಿ ತೋರಸಾಕ ಬರಲಿ?”

ಚೀಲ ತೊಡೆಯ ಮೇಲಿತ್ತು. ಅರಿಷಿಣದ ಬೇರು ಬಟ್ಟೆಯ ಹೊರಗಿನಿಂದಲೇ ಕೈಗೆ ಚುಚ್ಚುತ್ತಿತ್ತು. ಅತ್ತೆ ಇದ್ದಾಗ ಅವಳಿಗೆ ಸುಳ್ಳಿನದಾದರೂ ಒಂದು ತವರಿತ್ತು. ಅದೂ ಈಗ ಇಲ್ಲ. ಅಳು ಬಂತು, ತಡೆಯಲಿಲ್ಲ.

“ನಾ ವಿಕಾರಾಬಾದಿನ್ಯಾಗ ಅದೀನಿ,” ಎಂದೆ. “ಮುಂಜಾನಿಂದ ಕೂತೀನಿ.”

ನಾನು ಫೋನು ಗಟ್ಟಿ ಹಿಡಿದು, ಒಂಬತ್ತು ವರ್ಷ ಬಾಯಿಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. “ಮನ್ಯಾಗ ಉಡಿ ತುಂಬೋರು ಯಾರೂ ಇಲ್ಲ ತಂಗಿ. ಅದಕ್ಕ ನಾಚಿ ಕರೀಲಿಲ್ಲ. ನೀ ಬ್ಯಾಡಾಗಿ ಅಲ್ಲ. ಈಗ ನಿನ್ನ ಮನಿಗಿ ಬರತೀನಿ, ಕರಿಯಾಕ.”

“ಮುಂಜಾನಿ ನಾಗಪ್ಪಗ ಹಾಲು ಎರದೀನಿ,” ಎಂದಳು. ದನಿ ಒಡೆದಿತ್ತು. “ನಿನ್ನ ಪಾಲಿಂದೂ ಎರದೀನಿ. ಪ್ರತಿ ವರ್ಷ ಎರೀತೀನಿ.”

ಅವಳು ಮೂಗು ಸೇದಿ ದನಿ ಸರಿ ಮಾಡಿಕೊಂಡಳು.

“ತಾಂಡೂರ ಗಾಡಿ ಐದೂ ಕಾಲಿಗಿ ಅದ,” ಎಂದಳು. “ನೀ ನಳದ ಬಾಜು ಕೂತಿಯೇನು? ಅಲ್ಲಿ ಕೂಡಬ್ಯಾಡ. ಮೂರರ ಮ್ಯಾಲ ಅಲ್ಲಿ ಬಿಸಿಲು ಮಾರಿಗೇ ಬಡೀತದ. ಹಿಂದ ಗ್ವಾಡಿ ಬದಿಗಿ ಇನ್ನೊಂದು ಬೆಂಚ ಅದ, ಅಲ್ಲಿ ಹೋಗು. ಸಂಜಿತನಕ ನೆರಳಿರತದ.”

ತಿರುಗಿ ನೋಡಿದೆ. ಗೋಡೆಯ ಬದಿಗೆ, ನಾನು ಬೆಳಗಿನಿಂದ ಗಮನಿಸದೇ ಇದ್ದ ಒಂದು ಕಲ್ಲಿನ ಬೆಂಚಿತ್ತು. ಚೀಲ ಎತ್ತಿಕೊಂಡು ಹೋಗಿ ಅದರ ಮೇಲೆ ಕೂತೆ. ಮೂರು ಗಂಟೆಗೆ ಮೋಡ ಸರಿದು, ನಳದ ಬಾಜುವಿನ ಬೆಂಚಿನ ಮೇಲೆ ಬಿಸಿಲು ಬಂತು.